ಊರಿನೊಳಗೊಂದು ಮನೆ: ಯುರೋಪಿನ ರೋಮಾ ಬಡವರ ವಸತಿ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ರೋಮಾ ಎಂದರೆ ಯಾರು? ಊರೂರು ಅಲೆಯುವ ಜಿಪ್ಸಿಗಳೇ?

ಅಲೆಯುವವರು ಈಗ ಬಹಳ ಕಡಿಮೆ. ಪೂರ್ವ ಯುರೋಪಿನ ರೋಮಾ ಜನರಲ್ಲಿ ಹೆಚ್ಚಿನವರು ಎಷ್ಟೋ ತಲೆಮಾರುಗಳಿಂದ ಒಂದೇ ಊರಿನಲ್ಲಿ, ಒಂದೇ ಕೇರಿಯಲ್ಲಿ ಬೇರೂರಿದವರು. ಇಡೀ ಯುರೋಪಿನಲ್ಲಿ ಅವರ ಸಂಖ್ಯೆ 1 ಕೋಟಿಯಿಂದ 1.2 ಕೋಟಿ ಎಂದು ಅಂದಾಜು. ಐರೋಪ್ಯ ಒಕ್ಕೂಟದ ದೇಶಗಳಲ್ಲೇ ಸುಮಾರು 60 ಲಕ್ಷ ಜನರಿದ್ದಾರೆ. ‘ಜಿಪ್ಸಿ’ ಎಂಬುದು ಹೊರಗಿನವರು ಕೊಟ್ಟ ಹೆಸರು, ಈಜಿಪ್ಟಿನಿಂದ ಬಂದವರೆಂಬ ತಪ್ಪು ತಿಳಿವಳಿಕೆಯಿಂದ ಹುಟ್ಟಿದ್ದು. ಬ್ರಿಟನ್ನಿನ ಕೆಲವು ಕುಟುಂಬಗಳು ಅದನ್ನು ತಮ್ಮ ಹೆಸರೆಂದೇ ಇಟ್ಟುಕೊಂಡಿವೆ. ಉಳಿದೆಡೆ ರೋಮಾ ಎನ್ನುವುದೇ ಮರ್ಯಾದೆ.

ಅವರು ಭಾರತದಿಂದ ಹೋದವರಂತೆ. ನಮ್ಮ ಲಂಬಾಣಿಗಳ ಬಂಧುಗಳೇ?

ಮೊದಲ ಮಾತು ನಿಜ. ಸುಮಾರು ಸಾವಿರ ವರ್ಷಗಳ ಹಿಂದೆ, ಅಥವಾ ಅದಕ್ಕೂ ಮುಂಚೆ, ಅವರ ಪೂರ್ವಿಕರು ವಾಯವ್ಯ ಭಾರತವನ್ನು ಬಿಟ್ಟು ಪರ್ಷಿಯಾ, ಬೈಜಾಂಟಿಯಂ ದಾಟಿ ಯುರೋಪು ಸೇರಿದರು. ಭಾಷೆಯೇ ಅದಕ್ಕೆ ಸಾಕ್ಷಿ. ರೋಮಾನಿಯಲ್ಲಿ ನೀರಿಗೆ ‘ಪಾನಿ’, ಮೂಗಿಗೆ ‘ನಾಕ್’, ಮನುಷ್ಯನಿಗೆ ‘ಮನುಶ್’. ಮನೆಗೆ ‘ಖೇರ್’, ನಮ್ಮ ಕಿವಿಗೆ ಪರಿಚಿತವಾದ ‘ಘರ್’. ಐದು ‘ಪಾಂಜ್’, ಹತ್ತು ‘ದೇಶ್’. ನಡುವಿನ ಏಳು, ಎಂಟು, ಒಂಬತ್ತು ಮಾತ್ರ ಗ್ರೀಕಿನಿಂದ ಬಂದವು. ನಡೆದ ದಾರಿಯ ನಕ್ಷೆ ಎಣಿಕೆಯೊಳಗೇ ಉಳಿದುಕೊಂಡಿದೆ.

ಲಂಬಾಣಿಗಳ ವಿಷಯಕ್ಕೆ ಬಂದರೆ, ಅವರ ಗೋರ್‌ಬೋಲಿಯೂ ರೋಮಾನಿಯಂತೆ ಇಂಡೋ-ಆರ್ಯನ್ ಭಾಷಾಬಳಗದ್ದೇ. ಹಾಗೆಂದು ಉಡುಗೆ, ಕುಣಿತದ ಹೋಲಿಕೆ ನೋಡಿ ಅಣ್ಣತಮ್ಮಂದಿರೆಂದು ಹೇಳಿಬಿಡುವುದು ಅವಸರ. ನೇರ ಸಂಬಂಧಕ್ಕೆ ಗಟ್ಟಿಯಾದ ಪುರಾವೆಯಿಲ್ಲ. ವಸತಿಯ ವಿಷಯದಲ್ಲಿ ಮಾತ್ರ ತಾಂಡಾದ ಕತೆಗೂ ಅವರ ಕತೆಗೂ ಒಂದು ಹೋಲಿಕೆಯಿದೆ. ಅದು ಮುಂದೆ ಬರುತ್ತದೆ.

ಇಷ್ಟು ಶತಮಾನಗಳಿಂದ ಅಲ್ಲೇ ಇದ್ದರೂ ಅವರ ಕಾಲ ಕೆಳಗೆ ಸ್ವಂತ ನೆಲ ಏಕಿಲ್ಲ?

ಕೊಟ್ಟವರಿಲ್ಲ, ಅದಕ್ಕೆ. ಇಂದಿನ ರುಮೇನಿಯಾದ ಭಾಗಗಳಾದ ವಲಾಕಿಯಾ ಮತ್ತು ಮೊಲ್ಡಾವಿಯಾಗಳಲ್ಲಿ ರೋಮಾ ಜನ ಶತಮಾನಗಳ ಕಾಲ ಗುಲಾಮರಾಗಿದ್ದರು. ಅರಸನಿಗೆ, ಜಮೀನುದಾರರಿಗೆ, ಮಠಗಳಿಗೆ ಸೇರಿದ ಸೊತ್ತಾಗಿದ್ದರು. 1855–56ರಲ್ಲಿ ಬಿಡುಗಡೆಯ ಕಾನೂನು ಬಂದಾಗ ಪರಿಹಾರದ ಹಣ ಹೋದದ್ದು ಒಡೆಯರಿಗೆ. ಬಿಡುಗಡೆಯಾದವರಿಗೆ ಒಂದು ಗೇಣು ನೆಲವೂ ಸಿಗಲಿಲ್ಲ. ಅತ್ತ ಹಂಗೇರಿಯಲ್ಲಿ 18ನೇ ಶತಮಾನದ ರಾಣಿ ಮರಿಯಾ ತೆರೇಸಾ ಅವರನ್ನು ಬಲವಂತವಾಗಿ ನೆಲೆಗೊಳಿಸಲು ಹೊರಟಳು. ‘ಹೊಸ ಹಂಗೇರಿಯನ್ನರು’ ಎಂದು ಹೆಸರು ಬದಲಿಸಿದ್ದಲ್ಲದೆ ಮಕ್ಕಳನ್ನು ಕಿತ್ತು ರೈತರ ಮನೆಗಳಿಗೆ ಕೊಟ್ಟಳು.

ಆಮೇಲೆ ನಾಜಿಗಳು ಬಂದರು. 1944ರ ಆಗಸ್ಟ್ 2ರ ರಾತ್ರಿ ಆಶ್ವಿಟ್ಸ್-ಬಿರ್ಕೆನೌ ಶಿಬಿರದಲ್ಲಿ ಉಳಿದಿದ್ದ ನಾಲ್ಕು ಸಾವಿರಕ್ಕೂ ಹೆಚ್ಚು ರೋಮಾ ಮತ್ತು ಅವರದೇ ಬಳಗದ ಸಿಂತಿ ಜನರನ್ನು ವಿಷಾನಿಲದ ಕೋಣೆಗೆ ತಳ್ಳಿದರು. ಯುದ್ಧ ಮುಗಿದ ಮೇಲೆ ಚೆಕೊಸ್ಲೊವಾಕಿಯಾ 1958ರಲ್ಲಿ ಅಲೆದಾಟವನ್ನೇ ಅಪರಾಧವಾಗಿಸಿತು. 1965ರಲ್ಲಿ ಸ್ಲೊವಾಕಿಯಾದ ರೋಮಾ ಕುಟುಂಬಗಳನ್ನು ಚೆಕ್ ಭಾಗದ ಊರುಗಳಿಗೆ ಚದುರಿಸುವ ಯೋಜನೆ ಹಾಕಿತು. ಎಲ್ಲಿ ಇರಬೇಕೆಂಬುದನ್ನು ಬೇರೆ ಯಾರೋ ತೀರ್ಮಾನಿಸುವುದು ಈ ಜನಕ್ಕೆ ಹೊಸದಲ್ಲ. ಇಂದಿನ ವಸತಿ ಯೋಜನೆಗಳನ್ನು ನಾನು ಓದುವಾಗ ಮೊದಲು ಹುಡುಕುವುದು ಅದೊಂದನ್ನೇ: ಜಾಗವನ್ನು ಆರಿಸಿದವರು ಯಾರು?

ಯುರೋಪಿನಂಥ ಸಿರಿವಂತ ನಾಡಿನಲ್ಲಿ ನಲ್ಲಿ ನೀರೂ ಇಲ್ಲವೆಂದರೆ ನಂಬಬಹುದೇ?

ನಂಬಲೇಬೇಕು. ಐರೋಪ್ಯ ಒಕ್ಕೂಟದ ಮೂಲಭೂತ ಹಕ್ಕುಗಳ ಸಂಸ್ಥೆ 2021ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ರೋಮಾ ಜನರಲ್ಲಿ ಶೇ 80ರಷ್ಟು ಬಡತನದ ಅಂಚಿನಲ್ಲಿದ್ದರು, ಶೇ 52ರಷ್ಟು ಸೋರುವ, ಕತ್ತಲೆಯ ಅಥವಾ ಬಚ್ಚಲಿಲ್ಲದ ಮನೆಗಳಲ್ಲಿದ್ದರು, ಶೇ 22ರಷ್ಟು ಜನರ ಮನೆಯೊಳಗೆ ನಲ್ಲಿಯೇ ಇರಲಿಲ್ಲ. ಬೀದಿ ನಲ್ಲಿಯಾದರೂ ನೆಟ್ಟಗಿರುತ್ತದೆಯೇ? 2013ರ ಆಗಸ್ಟಿನಲ್ಲಿ, ಬಿಸಿಲಿನ ಝಳ ಏರಿದ್ದ ಹೊತ್ತಿನಲ್ಲೇ, ಹಂಗೇರಿಯ ಓಜ್ದ್ ಪಟ್ಟಣದ ಆಡಳಿತ ರೋಮಾ ಕೇರಿಗಳ ಸಾರ್ವಜನಿಕ ನಲ್ಲಿಗಳಲ್ಲಿ ಕೆಲವನ್ನು ಮುಚ್ಚಿ, ಉಳಿದವುಗಳ ನೀರಿನ ಒತ್ತಡ ತಗ್ಗಿಸಿತು. ನೀರು ಪೋಲಾಗುತ್ತಿದೆ ಎಂಬುದು ಕೊಟ್ಟ ಕಾರಣ. ಕೊಡ ಹಿಡಿದು ಸರದಿಯಲ್ಲಿ ನಿಂತವರು ಹೆಂಗಸರು, ಮಕ್ಕಳು. ನಮ್ಮ ಓದುಗರಿಗೆ ಆ ಸಾಲನ್ನು ವಿವರಿಸಬೇಕಿಲ್ಲ.

‘ಸಾಮಾಜಿಕ ವಸತಿ’ ಎಂದರೆ ನಮ್ಮ ಆಶ್ರಯ ಮನೆಯ ಹಾಗೆಯೇ?

ಅಲ್ಲ. ಈ ವ್ಯತ್ಯಾಸ ತಿಳಿಯದಿದ್ದರೆ ಮುಂದಿನದೆಲ್ಲ ಗೋಜಲಾಗುತ್ತದೆ. ಆಶ್ರಯ ಮನೆ ಫಲಾನುಭವಿಯ ಹೆಸರಿಗೆ ಬರುತ್ತದೆ. ಹಕ್ಕುಪತ್ರ ಕೈಗೆ ಸಿಕ್ಕರೆ ಅದು ಅವರದು. ಯುರೋಪಿನ ಸಾಮಾಜಿಕ ವಸತಿ ಸಾಮಾನ್ಯವಾಗಿ ಬಾಡಿಗೆ ಮನೆ. ಒಡೆತನ ನಗರಸಭೆಯದ್ದೋ ಸಾರ್ವಜನಿಕ ಸಂಸ್ಥೆಯದ್ದೋ ಆಗಿರುತ್ತದೆ, ಬಾಡಿಗೆ ಮಾರುಕಟ್ಟೆಗಿಂತ ಕಡಿಮೆ, ಕರಾರು ಇಷ್ಟು ತಿಂಗಳಿಗೆ ಅಥವಾ ವರ್ಷಕ್ಕೆ ಎಂದಿರುತ್ತದೆ. ಬಾಕಿ ಉಳಿಸಿಕೊಂಡರೆ ಹೊರಗೆ.

ಇದರ ಜೊತೆಗೆ ಇನ್ನೊಂದು ಸಂಗತಿ. 1989ರಲ್ಲಿ ಕಮ್ಯುನಿಸ್ಟ್ ಆಡಳಿತ ಕುಸಿದ ನಂತರ ಪೂರ್ವ ಯುರೋಪಿನ ಸರ್ಕಾರಗಳು ತಮ್ಮ ಕೈಯಲ್ಲಿದ್ದ ಫ್ಲ್ಯಾಟುಗಳನ್ನು ಅಲ್ಲಿದ್ದವರಿಗೇ ಅಗ್ಗದ ಬೆಲೆಗೆ ಮಾರಿಬಿಟ್ಟವು. ರುಮೇನಿಯಾದಲ್ಲಿ ಇಂದು ಶೇ 95ರಷ್ಟು ಜನ ಸ್ವಂತ ಮನೆಯಲ್ಲಿದ್ದಾರೆ. ಕೇಳಲು ಚೆನ್ನಾಗಿದೆ, ಆದರೆ ಬಡವರಿಗೆ ಬಾಡಿಗೆಗೆ ಕೊಡಲು ನಗರಸಭೆಯ ಬಳಿ ಮನೆಯೇ ಉಳಿದಿಲ್ಲ. ಅದೇ ವರ್ಷಗಳಲ್ಲಿ ಕಾರ್ಖಾನೆಗಳು ಮುಚ್ಚಿದವು, ಮೊದಲು ಕೆಲಸ ಕಳೆದುಕೊಂಡವರು ರೋಮಾ ಕೂಲಿಗಳು.

ಇರುವ ಕೆಲವೇ ಮನೆಗಳನ್ನು ಯಾರಿಗೆ ಕೊಡುತ್ತಾರೆ?

ಅಂಕ ಹಾಕಿ ಕೊಡುತ್ತಾರೆ. ಬಡತನಕ್ಕೆ ಹೆಚ್ಚು ಅಂಕ ಎಂದು ನೀವು ಎಣಿಸಿದ್ದರೆ, ರುಮೇನಿಯಾದ ಕ್ಲುಜ್ ನಗರದಲ್ಲಿ ಓದಿನ ಮಟ್ಟಕ್ಕೂ ಅಂಕವಿತ್ತು ಎಂಬುದನ್ನು ಕೇಳಿ. ಹೆಚ್ಚು ಓದಿದವರಿಗೆ ಹೆಚ್ಚು ಅಂಕ. ಕಸದ ಗುಡ್ಡೆಯ ಪಕ್ಕದಲ್ಲಿರುವ ಕುಟುಂಬ ಈ ಪರೀಕ್ಷೆಯಲ್ಲಿ ಎಷ್ಟನೇ ಸ್ಥಾನ ಪಡೆಯುತ್ತದೆ ಎಂದು ಲೆಕ್ಕ ಹಾಕಲು ಗಣಿತ ಬೇಕಿಲ್ಲ.

ಕಸದ ಗುಡ್ಡೆಯ ಪಕ್ಕದಲ್ಲಿ ಏಕಿದ್ದಾರೆ?

ನಗರಸಭೆಯೇ ಅಲ್ಲಿಗೆ ಕಳಿಸಿತು. ಕ್ಲುಜ್-ನಪೋಕಾ ರುಮೇನಿಯಾದ ಐಟಿ ಪಟ್ಟಣ, ಅಲ್ಲಿಯ ಬೆಂಗಳೂರು ಎನ್ನಬಹುದು. ಊರ ನಡುವಿನ ಕೊಯಾಸ್ತೆಯ್ ಬೀದಿಯಲ್ಲಿ 76 ರೋಮಾ ಕುಟುಂಬಗಳಿದ್ದವು. ಮಕ್ಕಳು ಹತ್ತಿರದ ಶಾಲೆಗಳಿಗೆ ಹೋಗುತ್ತಿದ್ದರು, ದೊಡ್ಡವರಿಗೆ ಊರಿನಲ್ಲೇ ಕೆಲಸವಿತ್ತು. 2010ರ ಡಿಸೆಂಬರ್ 17ರಂದು, ಚಳಿಗಾಲದ ನಡುವೆ, ಅವರನ್ನು ಎಬ್ಬಿಸಿದರು. 40 ಕುಟುಂಬಗಳಿಗೆ ಸಿಕ್ಕಿದ್ದು ಪಾಟಾ ರಿತ್ ಎಂಬಲ್ಲಿ, ನಗರದ ಕಸ ಸುರಿಯುವ ಬಯಲಿನ ಬಳಿ, ಆಗಷ್ಟೇ ಎಬ್ಬಿಸಿ ನಿಲ್ಲಿಸಿದ ತೆಳುಗೋಡೆಯ ಮನೆಗಳು.

ಕಡತದಲ್ಲಿ ಅವು ‘ಸಾಮಾಜಿಕ ವಸತಿ’. ಒಳಗೆ ಹೋಗಿ ನೋಡಿ. ಕುಟುಂಬಕ್ಕೊಂದು ಕೋಣೆ, 16ರಿಂದ 18 ಚದರ ಮೀಟರ್, ಅಂದರೆ ನಮ್ಮ ಲೆಕ್ಕದಲ್ಲಿ 200 ಚದರ ಅಡಿಗೂ ಕಡಿಮೆ. ಅಷ್ಟರಲ್ಲೇ ಅಡುಗೆ, ಅಷ್ಟರಲ್ಲೇ ಹಾಸಿಗೆ, ಅಷ್ಟರಲ್ಲೇ ಮಕ್ಕಳ ಪುಸ್ತಕ. ನಾಲ್ಕು ಕುಟುಂಬಗಳಿಗೆ ಒಂದು ಬಚ್ಚಲು. ಬಿಸಿನೀರಿಲ್ಲ, ಗ್ಯಾಸಿಲ್ಲ. ಉಳಿದ ಕುಟುಂಬಗಳಿಗೆ ಅದೂ ಸಿಗದೆ ಪಕ್ಕದಲ್ಲೇ ಗುಡಿಸಲು ಹಾಕಿಕೊಂಡವು. ಕಸದ ನಾತ ಬಟ್ಟೆಗೆ ಹಿಡಿದು ಶಾಲೆಯಲ್ಲಿ ಮಕ್ಕಳು ಮುಜುಗರ ಪಡುತ್ತಾರೆಂದು ತಾಯಂದಿರು ಹೇಳಿಕೊಂಡದ್ದುಂಟು.

ಇದೇ ಊರಿನಲ್ಲಿ ಇನ್ನೊಂದು ದಾರಿಯೂ ಇತ್ತೆಂಬುದು ಆಮೇಲೆ ಗೊತ್ತಾಯಿತು. 2014ರಿಂದ 2017ರವರೆಗೆ ನಾರ್ವೆಯ ನೆರವಿನಿಂದ ನಡೆದ ‘ಪಾಟಾ-ಕ್ಲುಜ್’ ಯೋಜನೆಯಲ್ಲಿ 35 ಕುಟುಂಬಗಳು ನಗರ ಮತ್ತು ಅಕ್ಕಪಕ್ಕದ ಹಳ್ಳಿಗಳ ಸಾಮಾನ್ಯ ಮನೆಗಳಿಗೆ ಹೋದವು. ಎಲ್ಲರಿಗೂ ಸಾಲಲಿಲ್ಲ, ನಿಜ. ಆದರೆ ‘ಬೇರೆ ಜಾಗವೇ ಇರಲಿಲ್ಲ’ ಎನ್ನುವ ಮಾತು ಅಲ್ಲಿಗೆ ಬಿದ್ದುಹೋಯಿತು.

ಮನೆ ಕೊಟ್ಟರೂ ಹಾಳು ಮಾಡಿಕೊಳ್ಳುತ್ತಾರಂತೆ. ಲೂನಿಕ್ 9ರ ಚಿತ್ರಗಳನ್ನು ನೋಡಿದ್ದೇವೆ.

ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಚಿತ್ರಗಳು ಸುಳ್ಳಲ್ಲ. ಸ್ಲೊವಾಕಿಯಾದ ಕೊಶಿತ್ಸೆ ನಗರದ ಅಂಚಿನ ಆ ಬಡಾವಣೆಯಲ್ಲಿ ಕಿಟಕಿಯ ಚೌಕಟ್ಟುಗಳೇ ಇಲ್ಲದ ಗೋಡೆಗಳು, ಅಂಗಳದಲ್ಲಿ ಕಸ, ಬಾಗಿಲು ಕಳಚಿದ ಮೆಟ್ಟಿಲುದಾರಿಗಳು ಇದ್ದವು. ಇಷ್ಟು ಮಾತ್ರ ಹೇಳಿ ನಿಲ್ಲಿಸುವವರು ಮುಕ್ಕಾಲು ಕತೆ ನುಂಗುತ್ತಾರೆ.

ಲೂನಿಕ್ ಎಂಬುದು ಸೋವಿಯತ್ ಚಂದ್ರನೌಕೆಗಳ ಹೆಸರು, ನಗರದ ಒಂದು ಸಾಲು ಬಡಾವಣೆಗಳಿಗೆ ಅದನ್ನೇ ಇಟ್ಟರು. 1970ರ ದಶಕದ ಕೊನೆಯಲ್ಲಿ ಕಟ್ಟಲು ತೊಡಗಿದ ಈ ಒಂಬತ್ತನೆಯ ಲೂನಿಕ್‌ನಲ್ಲಿ ರೋಮಾ ಕುಟುಂಬಗಳೊಂದಿಗೆ ಪೊಲೀಸರ, ಸೈನಿಕರ ಮನೆಗಳೂ ಇದ್ದವು. ಸುಮಾರು 2,500 ಜನರಿಗೆಂದು ಕಟ್ಟಿದ್ದು. ನಿಧಾನವಾಗಿ ಉಳಿದವರು ಬೇರೆಡೆ ಹೋದರು. 1995ರಲ್ಲಿ ಕೊಶಿತ್ಸೆ ನಗರಾಡಳಿತ ಒಂದು ತೀರ್ಮಾನ ಕೈಗೊಂಡಿತು: ಊರಿನ ಬೇರೆ ಭಾಗಗಳಲ್ಲಿ ಬಾಡಿಗೆ ಕಟ್ಟದವರನ್ನು, ‘ಹೊಂದಿಕೊಳ್ಳದವರನ್ನು’ ಇಲ್ಲಿಗೆ ಸಾಗಿಸುವುದು. ಬಾಡಿಗೆ ಕಟ್ಟಲಾಗದವರನ್ನೆಲ್ಲ ಒಂದೇ ಕಡೆ ತುಂಬಿದ ಮೇಲೆ ಬಾಡಿಗೆ ಬರುತ್ತದೆಯೇ? ಬರಲಿಲ್ಲ. ಬಾಕಿ ಏರಿತು. ಬಾಕಿಯ ಕಾರಣಕ್ಕೆ ಗ್ಯಾಸ್ ಮತ್ತು ಚಳಿಗಾಲದ ಬಿಸಿ ವ್ಯವಸ್ಥೆ ನಿಂತವು, ನೀರು ದಿನಕ್ಕೆ ಕೆಲವೇ ಗಂಟೆ. ಜನ ಒಲೆಗೆ ಸೌದೆ ಹುಡುಕಿದರು, ಸಿಕ್ಕ ಮರಮುಟ್ಟನ್ನೆಲ್ಲ ಉರಿಸಿದರು. ಬಾಗಿಲ ಚೌಕಟ್ಟು ಎಲ್ಲಿ ಹೋಯಿತೆಂದು ಕೇಳುವವರು, ಮೈನಸ್ ಹತ್ತು ಡಿಗ್ರಿ ಚಳಿಯಲ್ಲಿ ಮಗುವನ್ನು ಹೇಗೆ ಮಲಗಿಸುವುದೆಂದೂ ಕೇಳಬೇಕು. ಒಂದು ಹಂತದಲ್ಲಿ ಅಲ್ಲಿ ಆರು ಸಾವಿರದಷ್ಟು ಜನರಿದ್ದರೆಂದು ಅಂದಾಜು.

ಎಲ್ಲ ತಪ್ಪೂ ಆಡಳಿತದ್ದೇ, ಅಲ್ಲಿದ್ದವರೆಲ್ಲ ಸಾಧುಗಳು ಎಂದು ನಾನು ಹೇಳುತ್ತಿಲ್ಲ. ನೆರೆಯವರ ಪುಂಡಾಟದಿಂದ ಮೊದಲು ನರಳಿದವರೂ ಅಲ್ಲಿನ ರೋಮಾ ಕುಟುಂಬಗಳೇ. ಆದರೆ ಯಾರನ್ನೇ ಆದರೂ ಹೀಗೆ ತುಂಬಿ, ನೀರು ಕೊಡದೆ, ದುರಸ್ತಿ ಮಾಡದೆ ಬಿಟ್ಟರೆ ಕಟ್ಟಡ ಉಳಿಯುವುದಿಲ್ಲ. 2021ರ ಸೆಪ್ಟೆಂಬರ್ 14ರಂದು ಪೋಪ್ ಫ್ರಾನ್ಸಿಸ್ ಈ ಬಡಾವಣೆಗೆ ಹೋಗಿದ್ದರು. ದೊಡ್ಡವರು ಬರುತ್ತಾರೆಂದರೆ ರಸ್ತೆಗೆ ಡಾಂಬರು, ಗೋಡೆಗೆ ಬಣ್ಣ ಬೀಳುವುದು ನಮ್ಮಲ್ಲಿ ಮಾತ್ರವಲ್ಲ.

ಕರೆಂಟ್ ಮೀಟರಿಗೂ ಜಾತಿಯುಂಟೇ?

ಬಲ್ಗೇರಿಯಾದ ದುಪ್ನಿತ್ಸಾ ಪಟ್ಟಣದಲ್ಲಿ ಇತ್ತು. ರೋಮಾ ಕೇರಿಗೆ ಅಲ್ಲಿ ‘ಮಹಲಾ’ ಎನ್ನುತ್ತಾರೆ. ಮೈಸೂರಿನ ಮೊಹಲ್ಲಾಗಳು ನೆನಪಾದರೆ ಸರಿಯೇ, ಎರಡೂ ಅರಬ್ಬಿಯ ಒಂದೇ ಪದದಿಂದ ಬಂದವು. ಬೇರೆ ಕಡೆ ಮೀಟರ್ ಕಣ್ಣಿನ ಎತ್ತರಕ್ಕೆ, 1.70 ಮೀಟರಿನೊಳಗೆ ಇರುತ್ತಿತ್ತು. ಈ ಮಹಲಾದಲ್ಲಿ ಮಾತ್ರ ಕಂಬದ ಮೇಲೆ, ಆರೇಳು ಮೀಟರ್ ಎತ್ತರದಲ್ಲಿ. ಕರೆಂಟ್ ಕಳ್ಳತನ ತಡೆಯಲು ಎಂದಿತು ಕಂಪನಿ. ತನ್ನ ಬಿಲ್ಲು ಸರಿಯಿದೆಯೇ ಎಂದು ನೋಡಬೇಕಾದರೆ ಏಣಿ ಬೇಕು. ನ್ಯಾಯಾಲಯಕ್ಕೆ ಹೋದವರು ಅಲ್ಲಿ ಅಂಗಡಿ ಇಟ್ಟಿದ್ದ ಒಬ್ಬ ಮಹಿಳೆ, ಅವರು ರೋಮಾ ಕೂಡ ಅಲ್ಲ. ಐರೋಪ್ಯ ಒಕ್ಕೂಟದ ನ್ಯಾಯಾಲಯ 2015ರ ಜುಲೈ 16ರಂದು, ಕೇರಿಯ ಮೇಲಿನ ತಾರತಮ್ಯದ ಬಿಸಿ ತಟ್ಟಿದವರು ಯಾವ ಜನಾಂಗದವರಾದರೂ ದೂರು ಕೊಡಬಹುದು ಎಂದಿತು. ಕದಿಯದವರನ್ನೂ ಸೇರಿಸಿ ಇಡೀ ಕೇರಿಗೆ ಕಳಂಕ ಹಚ್ಚುವ ಕ್ರಮವದು ಎಂಬ ನಿಲುವು ತಾಳಿತು.

ಇಟಲಿಯಲ್ಲಿ ಸರ್ಕಾರವೇ ಶಿಬಿರ ಕಟ್ಟಿಕೊಟ್ಟಿತಲ್ಲ?

ಕಟ್ಟಿಕೊಟ್ಟಿತು. ಅಲೆಮಾರಿಗಳೆಂಬ ಹಳೆಯ ನಂಬಿಕೆಯ ಮೇಲೆ ‘ನೊಮಾದಿ’ ಶಿಬಿರಗಳೆಂದು ಹೆಸರಿಟ್ಟಿತು. ಅಲ್ಲಿದ್ದವರಲ್ಲಿ ಬಹಳಷ್ಟು ಜನ ಯುಗೊಸ್ಲಾವಿಯಾದಿಂದ ಬಂದವರು, ಅಲ್ಲಿ ಮನೆಗಳಲ್ಲಿ ಬಾಳಿದವರು. 2012ರಲ್ಲಿ ರೋಮ್ ನಗರ ಚಂಪೀನೊ ವಿಮಾನ ನಿಲ್ದಾಣದ ಬಳಿ ಲಾ ಬಾರ್ಬೂತಾ ಎಂಬ ಶಿಬಿರ ತೆರೆಯಿತು. ಸುತ್ತ ಬೇಲಿ, ಒಳಗೆ ಸಾಲುಸಾಲು ಕಂಟೈನರ್ ಮನೆಗಳು, ಪ್ರವೇಶ ರೋಮಾ ಜನಕ್ಕೆ ಮಾತ್ರ. ಜನಾಂಗ ನೋಡಿ ಬೇರ್ಪಡಿಸುವುದು ತಾರತಮ್ಯವೆಂದು 2015ರ ಮೇ 30ರಂದು ರೋಮ್‌ನ ನ್ಯಾಯಾಲಯವೇ ಹೇಳಿತು.

ಜಾಗ ಅವರದಲ್ಲ ಎಂದ ಮೇಲೆ ಮನೆ ಕೆಡವುವುದು ಕಾನೂನುಬದ್ಧವಲ್ಲವೇ?

ಇಲ್ಲಿಯೇ ನಮ್ಮ ತಾಂಡಾ ನೆನಪಾಗುವುದು. ಕರ್ನಾಟಕದಲ್ಲಿ ತಾಂಡಾ, ಹಟ್ಟಿ, ಹಾಡಿಗಳು ಎಷ್ಟೋ ಕಾಲ ಯಾರದೋ ಪಹಣಿಯಲ್ಲಿ ಅಥವಾ ಸರ್ಕಾರಿ ಜಾಗದಲ್ಲಿ, ದಾಖಲೆಗೆ ಸೇರದೆ ಉಳಿದಿದ್ದವು. ‘ವಾಸಿಸುವವನೇ ಮನೆಯೊಡೆಯ’ ಎಂಬ ತಿದ್ದುಪಡಿ ಬಂದ ಮೇಲೆ ಅವುಗಳನ್ನು ಕಂದಾಯ ಗ್ರಾಮಗಳಾಗಿಸಿ ಹಕ್ಕುಪತ್ರ ಕೊಡುವ ಕೆಲಸ ಶುರುವಾಯಿತು. ಸ್ಲೊವಾಕಿಯಾದ ರೋಮಾ ಕೇರಿಗಳಾದ ‘ಓಸಾಡಾ’ಗಳ ಸ್ಥಿತಿಯೂ ಅದೇ. ಮನೆ ಇದೆ, ನೆಲ ಇನ್ನೊಬ್ಬರದು. ಆ ಇನ್ನೊಬ್ಬರ ನೆಲವೂ ಹತ್ತಾರು ವಾರಸುದಾರರ ನಡುವೆ ಹರಿದು ಹಂಚಿಹೋಗಿರುತ್ತದೆ. ದಾಖಲೆ ಇಲ್ಲದ ಮನೆಗೆ ಕೊಳವೆ ಎಳೆಯುವಂತಿಲ್ಲ, ಸಾಲ ಹುಟ್ಟುವುದಿಲ್ಲ.

ಕೆಡವುವ ಪ್ರಶ್ನೆಗೆ ಸ್ಟ್ರಾಸ್‌ಬರ್ಗ್‌ನ ಮಾನವ ಹಕ್ಕುಗಳ ನ್ಯಾಯಾಲಯ 2012ರ ಏಪ್ರಿಲ್‌ನಲ್ಲಿ ಉತ್ತರ ಕೊಟ್ಟಿದೆ. ಬಲ್ಗೇರಿಯಾದ ಸೋಫಿಯಾ ನಗರದ ಬಾತಾಲೊವಾ ವೊದೆನಿತ್ಸಾ ಎಂಬಲ್ಲಿ 1960–70ರ ದಶಕದಿಂದ ನೆಲೆಸಿದ್ದ ರೋಮಾ ಕುಟುಂಬಗಳನ್ನು ಎಬ್ಬಿಸಲು ನಗರ ಹೊರಟಿತ್ತು. ಜಾಗ ನಗರದ್ದೇ ಇರಬಹುದು, ಆದರೆ ದಶಕಗಳ ಕಾಲ ಸುಮ್ಮನಿದ್ದು, ಈಗ ಅವರು ಎಲ್ಲಿಗೆ ಹೋಗಬೇಕೆಂದು ಯೋಚಿಸದೆಯೇ ಎಬ್ಬಿಸುವಂತಿಲ್ಲ ಎಂದಿತು ನ್ಯಾಯಾಲಯ. ನೀರಿನ ವಿಷಯದಲ್ಲಿ ಅದೇ ನ್ಯಾಯಾಲಯ ಅಷ್ಟು ಉದಾರಿಯಾಗಲಿಲ್ಲ. 2020ರಲ್ಲಿ ಸ್ಲೊವೇನಿಯಾದ ಕುಟುಂಬಗಳು ನಲ್ಲಿಗಾಗಿ ಹೋದಾಗ ಹಕ್ಕಿನ ಉಲ್ಲಂಘನೆ ಆಗಿಲ್ಲ ಎಂದುಬಿಟ್ಟಿತು.

ಎಲ್ಲಿಯಾದರೂ ಸರಿಯಾಗಿ ನಡೆದದ್ದುಂಟೇ?

ಉಂಟು. ನನಗೆ ಹೆಚ್ಚು ಇಷ್ಟವಾದದ್ದು ಚೆಕ್ ದೇಶದ ಬ್ರನೊ ನಗರದ್ದು. 2016ರಲ್ಲಿ, ಮನೆಯಿಲ್ಲದ ನಾಲ್ಕು ನೂರಕ್ಕೂ ಹೆಚ್ಚು ಕುಟುಂಬಗಳ ಪಟ್ಟಿಯಿಂದ ಚೀಟಿ ಎತ್ತಿ ಆರಿಸಿದಂತೆ 50 ಕುಟುಂಬಗಳನ್ನು ಆರಿಸಿದರು. ಹೆಚ್ಚಿನವು ರೋಮಾ ಕುಟುಂಬಗಳು, ಎಲ್ಲವೂ ಮಕ್ಕಳೊಂದಿಗರು. ಯೋಗ್ಯತೆಯ ಪರೀಕ್ಷೆಯಿಲ್ಲ, ‘ಮೊದಲು ಮನೆಯಿಲ್ಲದವರ ಹಾಸ್ಟೆಲಿನಲ್ಲಿದ್ದು ನಡತೆ ತೋರಿಸಿ’ ಎಂಬ ಷರತ್ತಿಲ್ಲ. ನಗರದ ಬೇರೆ ಬೇರೆ ಬೀದಿಗಳಲ್ಲಿ ಚದುರಿದ್ದ ನಗರಸಭೆಯ ಸಾಮಾನ್ಯ ಫ್ಲ್ಯಾಟುಗಳ ಬೀಗದ ಕೈ ಕೊಟ್ಟರು, ಜೊತೆಗೆ ಮನೆಗೆ ಬಂದು ಹೋಗುವ ಸಮಾಜ ಕಾರ್ಯಕರ್ತರು. ಒಂದು ವರ್ಷದ ನಂತರ 50ರಲ್ಲಿ 48 ಕುಟುಂಬಗಳು ಮನೆ ಉಳಿಸಿಕೊಂಡಿದ್ದವು. ‘ಹಾಳು ಮಾಡುತ್ತಾರೆ’ ಎನ್ನುವವರ ಮುಂದೆ ಇಡಬೇಕಾದ ಲೆಕ್ಕ ಇದು.

ಸ್ಲೊವಾಕಿಯಾದ ರಾಂಕೊವ್ತ್ಸೆ ಹಳ್ಳಿಯದು ಬೇರೆ ದಾರಿ. ಒಂದು ಸ್ವಯಂಸೇವಾ ಸಂಸ್ಥೆಯ ನೆರವಿನಿಂದ ಗುಡಿಸಲಿನಲ್ಲಿದ್ದವರು ಮೊದಲು ತಿಂಗಳು ತಿಂಗಳು ಉಳಿತಾಯ ಮಾಡಿ, ಕಿರುಸಾಲ ಪಡೆದು, ಮೇಸ್ತ್ರಿಯ ಮಾರ್ಗದರ್ಶನದಲ್ಲಿ ತಾವೇ ಇಟ್ಟಿಗೆ ಹೊತ್ತು ಮನೆ ಕಟ್ಟಿಕೊಂಡರು. ಚಿಕ್ಕ ಮನೆಗಳೇ, ಆದರೆ ದಾಖಲೆಯಲ್ಲಿ ಅವರ ಹೆಸರಿದೆ.

ಒಟ್ಟಿಗಿರಿಸುವುದು ಒಳ್ಳೆಯದೋ, ಚದುರಿಸುವುದೋ?

ಸ್ಪೇನ್ ಎರಡನ್ನೂ ಮಾಡಿ ನೋಡಿದೆ. 1980ರ ದಶಕದಲ್ಲಿ ಮ್ಯಾಡ್ರಿಡ್ ಹಿತಾನೊ ಜನರಿಗೆಂದೇ, ಅಂದರೆ ಸ್ಪೇನಿನ ರೋಮಾಗಳಿಗೆಂದೇ, ‘ವಿಶೇಷ ಮಾದರಿ ಬಡಾವಣೆ’ಗಳನ್ನು ಕಟ್ಟಿತು. ಅವು ಕೆಲವೇ ವರ್ಷಗಳಲ್ಲಿ ಹೊಸ ಕೊಳೆಗೇರಿಗಳಾದವು. 1998ರಲ್ಲಿ ಇದಕ್ಕೆಂದೇ ಒಂದು ಸಂಸ್ಥೆ ಸ್ಥಾಪಿಸಿ, ಮಾರುಕಟ್ಟೆಯಲ್ಲಿ ಸಾಮಾನ್ಯ ಫ್ಲ್ಯಾಟುಗಳನ್ನು ಕೊಂಡು, ಒಂದೇ ಕಟ್ಟಡದಲ್ಲಿ ಗುಂಪಾಗದಂತೆ ಬಾಡಿಗೆಗೆ ಕೊಡತೊಡಗಿತು. 2015ರ ಹೊತ್ತಿಗೆ ದೇಶದ ರೋಮಾ ಮನೆಗಳಲ್ಲಿ ಜೋಪಡಿಗಳ ಪಾಲು ಶೇ 2ರ ಆಸುಪಾಸಿಗೆ ಇಳಿದಿತ್ತು.

ಚದುರಿಸುವುದಕ್ಕೂ ಬೆಲೆಯುಂಟು. ಅಜ್ಜಿ ಒಂದು ಮೂಲೆ, ಮಗಳು ಇನ್ನೊಂದು ಮೂಲೆ ಎಂದಾದರೆ ಕೆಲಸಕ್ಕೆ ಹೋಗುವಾಗ ಮಗುವನ್ನು ಯಾರ ಬಳಿ ಬಿಡುವುದು? ಕೇಳದೆ ಚದುರಿಸುವುದು 1965ರ ಚೆಕೊಸ್ಲೊವಾಕಿಯಾದ ಯೋಜನೆಯ ತಮ್ಮ. ಕೇಳಿ, ಎರಡು ಮೂರು ಜಾಗ ತೋರಿಸಿ ಕೊಟ್ಟರೆ ಬಹಳಷ್ಟು ಕುಟುಂಬಗಳು ಆರಿಸುವುದು ಶಾಲೆ, ಬಸ್ಸು ಇರುವ ಬೀದಿಯನ್ನೇ.

ಐರೋಪ್ಯ ಒಕ್ಕೂಟದ ಹಣ ಏನಾಗುತ್ತಿದೆ?

ಹಣವಿದೆ. ಅಂಚಿಗೆ ತಳ್ಳಲ್ಪಟ್ಟ ಸಮುದಾಯಗಳ ಮನೆಗಳಿಗೂ ಪ್ರಾದೇಶಿಕ ಅಭಿವೃದ್ಧಿ ನಿಧಿಯನ್ನು ಬಳಸಬಹುದೆಂದು 2010ರಲ್ಲೇ ನಿಯಮ ತಿದ್ದಿದರು. 2030ರೊಳಗೆ ಕನಿಷ್ಠ ಶೇ 95ರಷ್ಟು ರೋಮಾ ಜನರಿಗೆ ನಲ್ಲಿ ನೀರು ಎಂಬ ಗುರಿಯನ್ನು 2020ರ ಅಕ್ಟೋಬರಿನಲ್ಲಿ ಪ್ರಕಟಿಸಿದರು. ಆದರೆ ಅರ್ಜಿ ಹಾಕಬೇಕಾದವರು ಊರಿನ ಮೇಯರ್. ರೋಮಾ ಕುಟುಂಬಕ್ಕೆ ಊರೊಳಗೆ ಮನೆ ಕೊಡಿಸಿದ ಮೇಯರ್ ಮುಂದಿನ ಚುನಾವಣೆ ಸೋಲುವ ಭಯದಲ್ಲಿರುತ್ತಾನೆ. ಹಂಗೇರಿಯ ಮಿಶ್ಕೋಲ್ತ್ಸ್ ನಗರ 2014ರಲ್ಲಿ ಇದಕ್ಕೂ ಮುಂದೆ ಹೋಯಿತು. ಫುಟ್‌ಬಾಲ್ ಕ್ರೀಡಾಂಗಣದ ಬಳಿಯ ರೋಮಾ ಬೀದಿಗಳನ್ನು ತೆರವು ಮಾಡುವಾಗ, ಪರಿಹಾರ ಬೇಕಾದರೆ ಊರ ಹೊರಗೆ ಮನೆ ಕೊಳ್ಳಬೇಕು, ಐದು ವರ್ಷ ಮಾರಬಾರದು ಎಂಬ ಷರತ್ತು ಹಾಕಿತು. ಮರುವರ್ಷ ಹಂಗೇರಿಯ ಸರ್ವೋಚ್ಚ ನ್ಯಾಯಾಲಯ ಆ ಷರತ್ತನ್ನು ಹೊಡೆದುಹಾಕಿತು.

ಚೆಕ್ ದೇಶದಲ್ಲಿ ರೋಮಾ ಮನೆಗಳ ಮುಂದೆ ಗೋಡೆ ಕಟ್ಟಿದ್ದು ನಿಜವೇ?

ನಿಜ. ಊಸ್ತಿ ನಾದ್ ಲಾಬೆಮ್ ಪಟ್ಟಣದ ಮಾತಿಚ್ನಿ ಬೀದಿಯಲ್ಲಿ, 1999ರ ಅಕ್ಟೋಬರ್ 13ರಂದು. ಬೀದಿಯ ಒಂದು ಬದಿಗೆ ರೋಮಾ ಕುಟುಂಬಗಳಿದ್ದ ನಗರಸಭೆಯ ಎರಡು ವಸತಿ ಕಟ್ಟಡಗಳು, ಇನ್ನೊಂದು ಬದಿಗೆ ಸ್ವಂತ ಮನೆಗಳವರು. ಗದ್ದಲ, ಕಸ ಎಂದು ಎದುರು ಮನೆಯವರು ದೂರಿದ್ದಕ್ಕೆ ನಡುವೆ ಗೋಡೆ ಎದ್ದಿತು. ಯುರೋಪೆಲ್ಲ ಛೀಮಾರಿ ಹಾಕಿತು, ನವೆಂಬರ್ 24ರಂದು ಕೆಡವಿದರು. ಕೇಂದ್ರ ಸರ್ಕಾರ ನಗರಕ್ಕೆ ಕೊಟ್ಟ ಹಣದಲ್ಲಿ ಒಂದು ಭಾಗ, ದೂರು ಕೊಟ್ಟವರ ಮನೆಗಳನ್ನು ಅವರಿಂದ ಕೊಳ್ಳುವುದಕ್ಕೆ ಹೋಯಿತು. ಬಾಡಿಗೆ ಬಾಕಿದಾರರನ್ನು ಊರಿನಿಂದ ಆರಿಸಿ ತಂದು ಆ ಎರಡು ಕಟ್ಟಡಗಳಿಗೆ ತುಂಬಿದ್ದು, ಗೋಡೆ ಕಟ್ಟಿದ ಅದೇ ನಗರಾಡಳಿತ.